ಪಟ್ಟಿಯಲ್ಲಿ ಇಲ್ಲದ ಕಲ್ಲಿಗೆ ಜೆಸಿಬಿಯೇ ಗತಿಯೇ?

ಮಾನ್ಯ ಸಂಪಾದಕರೇ,

ನಮ್ಮ ಗುಡ್ಡದ ಬುಡದ ಕಲ್ಲುವೃತ್ತಕ್ಕೆ, ಅಂದರೆ ಹಳೇ ಕಾಲದ ಸಮಾಧಿಯ ಸುತ್ತ ದುಂಡಗೆ ಜೋಡಿಸಿದ, ಜನ ‘ಪಾಂಡವರ ಗುಡಿ’ ಅನ್ನುವ ಕಲ್ಲುಗಳಿಗೆ, ಜೆಸಿಬಿ ನುಗ್ಗಿಸಿದ ವರದಿ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಮೂರ್ನಾಲ್ಕು ಕಲ್ಲು ಹೋಗಿವೆ ಅಂತ ಬರೆದಿದ್ದೀರಿ. ಹೋಗಿ ನೋಡಿದರೆ ಅರ್ಧ ವೃತ್ತವೇ ಇಲ್ಲ. ಕಲ್ಲುಗಳೆಲ್ಲ ಹಳ್ಳದಲ್ಲಿ ಬಿದ್ದಿವೆ.

ಬೆಂಗಳೂರಿನಿಂದ ಬಂದಿದ್ದ ಅಕ್ಕನ ಮಕ್ಕಳಿಗೆ ತೋರಿಸೋಣ ಅಂತ ಹೋಗಿದ್ದೆ. ಟಿಪ್ಪರ್ ಓಡಿ ಓಡಿ ದಾರಿ ಪೂರಾ ಗುಂಡಿ. ಸ್ಕೂಟರ್ ಕೆಸರಲ್ಲಿ ಹೂತಿತು, ಚಪ್ಪಲಿ ಕಿತ್ತುಹೋಯಿತು. ಸಾಲದ್ದಕ್ಕೆ ‘ಪಕ್ಕಕ್ಕೆ ಹೋಗ್ರಿ, ಗಾಡಿ ಬರ್ತಿದೆ’ ಅಂತ ಡ್ರೈವರ್ ಬೈಗುಳ ಬೇರೆ. ‘ಎಲ್ಲಿ ಮಾವ, ಪಾಂಡವರ ಗುಡಿ?’ ಅಂತ ಮಕ್ಕಳು ಕೇಳಿದರೆ ಏನು ತೋರಿಸಲಿ, ಜೆಸಿಬಿನಾ?

ಮಾರನೇ ದಿನ ಕಚೇರಿಗೆ ಹೋದೆ. ‘ಅದು ನಮ್ಮ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿ ಇಲ್ಲ, ಪಕ್ಕದ ಕಚೇರಿಯಲ್ಲಿ ಕೇಳಿ’ ಅಂದರು. ಪಕ್ಕದವರು ಊಟಕ್ಕೆ ಹೋಗಿದ್ದರು. ಊಟ ಮುಗಿಸಿ ಬಂದು, ಅರ್ಜಿ ಜೊತೆ ಪಹಣಿ ಲಗತ್ತಿಸಿ ಅಂತ ಹೇಳಿದರು. ಎರಡು ಸಾವಿರ ವರ್ಷದ ಹಿಂದೆ ಸತ್ತವರ ಪಹಣಿ ಎಲ್ಲಿಂದ ತರಲಿ ಸ್ವಾಮಿ?

ಇದು ಯಾರೋ ದನ ಕಟ್ಟೋಕೆ ನಿಲ್ಲಿಸಿದ ಕಲ್ಲಲ್ಲ. ಕಬ್ಬಿಣದ ಕಾಲದವರ ಸಮಾಧಿ. ಇಂಥ ಎಷ್ಟೋ ವೃತ್ತಗಳ ನಡುವೆ ಚಪ್ಪಡಿ ಜೋಡಿಸಿ ಮಾಡಿದ ಕಲ್ಲಿನ ಗೂಡು ಇರುತ್ತದೆ. ಅದರಲ್ಲಿ ಮೂಳೆ, ಕಪ್ಪು-ಕೆಂಪು ಮಡಕೆ, ಕಬ್ಬಿಣದ ಸಾಮಾನು ಸಿಗುತ್ತವೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇಂಥವನ್ನೇ ಪುರಾತತ್ವಜ್ಞ ವೀಲರ್ 1947ರಲ್ಲಿ ಅಗೆಸಿ ನೋಡಿದರು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್‌ನ ಇಂಥದೇ ಹಳೇ ಸಮಾಧಿಯ ಕಲ್ಲುಮನೆಗಳು 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿದವು. ನಮ್ಮವು ಹಳ್ಳ ಸೇರಿದವು.

ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಆದರೆ ಘೋಷಣೆ ಆಗಿದ್ದರೆ ಮಾತ್ರ. ರಾಜ್ಯಕ್ಕೂ 1961ರಿಂದ ಒಂದು ಕಾಯ್ದೆ ಇದೆ. ನಂದಿಯ ಭೋಗನಂದೀಶ್ವರನಿಗೆ ಬೋರ್ಡು, ಬೇಲಿ, ಹುಲ್ಲುಹಾಸು ಎಲ್ಲ ಇದೆ, ಸಂತೋಷ. ಗೋಪುರ ಇಲ್ಲದ ಒರಟು ಕಲ್ಲನ್ನು ಯಾರು ಕೇಳಬೇಕು? ಪಟ್ಟಿಯಲ್ಲಿ ಇಲ್ಲ ಅನ್ನುವವರೇ ಪಟ್ಟಿಗೆ ಸೇರಿಸಬೇಕಾದವರು ಅಲ್ವಾ?

ಹಿಂದೆ ನಿಧಿ ಆಸೆಗೆ ಯಾರೋ ರಾತ್ರೋರಾತ್ರಿ ವೃತ್ತದ ನಡುವೆ ಗುಂಡಿ ತೋಡಿದಾಗಲೂ ದೂರು ಕೊಟ್ಟಿದ್ದೆವು. ಯಾರೂ ಬರಲಿಲ್ಲ. ಕೆರೆಗೆ ನೀರು ಬರುವ ಕಾಲುವೆ ಮುಚ್ಚಿದಾಗಲೂ ಅಷ್ಟೇ. ಬಸ್ ನಿಲ್ದಾಣದ ಶೌಚಾಲಯಕ್ಕೆ ಟೇಪ್ ಕತ್ತರಿಸಿದ ದಿನವೇ ಬೀಗ ಬಿತ್ತು. ನಮ್ಮ ತಂದೆಯ ಹೆಸರಿನ ಖಾತೆ ಇನ್ನೂ ‘ಪರಿಶೀಲನೆಯಲ್ಲಿದೆ’. ಅವರು ತೀರಿಕೊಂಡೇ ಬಹಳ ವರ್ಷ ಆಯಿತು! ಫೋಟೋ ತೆಗೆಸಿಕೊಳ್ಳುವುದಿದ್ದರೆ ಮಾತ್ರ ಸಾಹೇಬರು ಹಾಜರು.

ಕೂಡಲೇ ಬೇಲಿ ಹಾಕಿಸಲಿ. ಬೇಲಿಗೆ ದುಡ್ಡಿಲ್ಲದಿದ್ದರೆ ಒಂದು ಬೋರ್ಡಾದರೂ ನೆಡಲಿ. ಹಳ್ಳದಲ್ಲಿರುವ ಕಲ್ಲು ಕ್ರಷರ್‌ಗೆ ಹೋಗುವ ಮೊದಲು ಯಾರಾದರೂ ಬಂದು ನೋಡಲಿ. ಆ ದಾರಿಯನ್ನೂ ಸರಿಮಾಡಲಿ. ಇದ್ಯಾವುದೂ ಆಗದಿದ್ದರೆ ಕುರ್ಚಿ ಬಿಟ್ಟು ಮನೆಗೆ ಹೋಗಲಿ. ಫ್ಯಾನಿನ ಕೆಳಗೆ ಕೂತು ‘ಪಟ್ಟಿಯಲ್ಲಿ ಇಲ್ಲ’ ಅಂತ ಹೇಳೋಕೆ ಇಷ್ಟೊಂದು ಜನಕ್ಕೆ ಸಂಬಳ ಯಾಕೆ?

– ನೊಂದ ಓದುಗ, ಚಿಕ್ಕಬಳ್ಳಾಪುರ ಜಿಲ್ಲೆ