ಪಾಟ್‌ಹೋಲ್ ನೋಡಲು ಹೊರಟ ಮಗಳಿಗೆ

ಕೋಲಾರ

ಪ್ರೀತಿಯ ಪುಟ್ಟಿ,

ಲೀಡ್ಸ್‌ನ ಗೆಳತಿಯರು ನಿನ್ನನ್ನು 'ಪಾಟ್‌ಹೋಲಿಂಗ್'ಗೆ, ಅಂದರೆ ನೆಲದ ಗುಹೆಗೆ ಇಳಿಯುವ ಆಟಕ್ಕೆ, ಕರೆದಿದ್ದಾರೆ ಅಂತ ಓದಿ ಒಬ್ಬನೇ ಕೂತು ನಕ್ಕೆ. ಕೋಲಾರದ ಹುಡುಗಿಗೆ ಗುಂಡಿ ತೋರಿಸುತ್ತಾರಂತೆ! ಯಾರ್ಕ್‌ಶೈರಿನಲ್ಲಿ ಅದಕ್ಕೆ ಕ್ಲಬ್ ಬೇರೆ ಇವೆ. ಬ್ರ್ಯಾಡ್‌ಫರ್ಡ್ ಪಾಟ್‌ಹೋಲ್ ಕ್ಲಬ್, ಕ್ರೇವನ್ ಪಾಟ್‌ಹೋಲ್ ಕ್ಲಬ್. ಇಲ್ಲಿ ಅಂಥದ್ದು ತೆರೆದರೆ ಸ್ಕೂಟರ್ ಇಟ್ಟವರೆಲ್ಲ ಫೀಸು ಕಟ್ಟದೇ ಮೆಂಬರ್.

ಪಿಟ್, ಟ್ರೆಂಚ್, ಸಿಂಕ್‌ಹೋಲ್, ಪಾಟ್‌ಹೋಲ್ ಎಲ್ಲಾ ಗುಂಡಿಯೇ ತಾನೇ, ಇವರಿಗ್ಯಾಕೆ ಇಷ್ಟೊಂದು ಹೆಸರು ಅಂತ ಕೇಳಿದ್ದೀಯ. ರಸ್ತೆ ಕೆಲಸದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಗುಂಡಿ ಹೇಗಾಯಿತು, ಯಾರಿಂದಾಯಿತು ಅನ್ನುವುದು ಅರ್ಧ ಆ ಹೆಸರಿನಲ್ಲೇ ಇರುತ್ತದೆ ನೋಡು.

ಪಾಟ್‌ಹೋಲ್ ಅನ್ನುವ ಹೆಸರು ರಸ್ತೆಗೆ ಬಂದದ್ದು ಆಮೇಲೆ. ಮೊದಲು ಅದು ಬಂಡೆಯದು. ಹೊಳೆಯ ಸುಳಿಗೆ ಸಿಕ್ಕ ಕಲ್ಲು ಒಂದೇ ಜಾಗದಲ್ಲಿ ಗಿರಗಿರ ತಿರುಗುತ್ತಾ ತಳದ ಬಂಡೆಯನ್ನು ಕೊರೆಯುತ್ತದೆ. ಮೇಕೆದಾಟಿನಲ್ಲಿ ನೀನು ಕೈಯಿಟ್ಟು ನೋಡಿದ್ದೆಯಲ್ಲ, ಒರಳಿನ ಹಾಗೆ ದುಂಡಗೆ, ನುಣ್ಣಗೆ ಇದ್ದವು. ಒಳಗೆ ಉರುಟು ಕಲ್ಲುಗಳೂ ಇದ್ದವು. ಕೊರೆಯುವುದು ಅಂಥ ಕಲ್ಲುಗಳೇ. ನಮ್ಮ ಕಡೆ ಬೆಟ್ಟದ ಮೇಲೆ ಮಳೆನೀರು ನಿಲ್ಲುವ ದೊಣೆಗಳು ಬೇರೆ ಜಾತಿ. ಅಲ್ಲಿ ಹೊಳೆಯೂ ಇಲ್ಲ, ಸುಳಿಯೂ ಇಲ್ಲ. ನಿಂತ ನೀರು, ಬಿಸಿಲು, ಗಾಳಿ ಸೇರಿ ಬಂಡೆಯನ್ನು ತಿಂದಿರುತ್ತವೆ.

ನೀನು ಹೋಗುವ ಕಡೆ ಸುಣ್ಣದ ಕಲ್ಲಿನ ಗುಡ್ಡಗಳು. ಮಳೆನೀರಿನಲ್ಲಿ ಸ್ವಲ್ಪ ಹುಳಿ ಇರುತ್ತದೆ, ಆ ಕಲ್ಲು ಅದಕ್ಕೆ ಕರಗುತ್ತದೆ. ಬಿರುಕು ಅಗಲವಾಗಿ ಕೊನೆಗೆ ನೆಟ್ಟಗೆ ಕೆಳಗಿಳಿಯುವ ಗುಹೆಯಾಗುತ್ತದೆ. ಅದಕ್ಕೂ ಅಲ್ಲಿ ಪಾಟ್‌ಹೋಲ್ ಅನ್ನುತ್ತಾರೆ. ಗೇಪಿಂಗ್ ಗಿಲ್ ಅಂತ ಒಂದಿದೆ, ಸುಮಾರು 100 ಮೀಟರ್ ಆಳ. ಫೆಲ್ ಬೆಕ್ ಅನ್ನುವ ಹಳ್ಳ ಅದರ ಬಾಯಿಗೇ ಧುಮುಕುತ್ತದೆ. 1895ರಲ್ಲಿ ಮಾರ್ಟೆಲ್ ಅನ್ನುವ ಫ್ರೆಂಚ್ ಪುಣ್ಯಾತ್ಮ ಹಗ್ಗದ ಏಣಿ ಹಿಡಿದು ತಳ ಮುಟ್ಟಿದ. ಆಳದ ಲೆಕ್ಕಕ್ಕೆ ಬಂದರೆ ನಮ್ಮ ಕೆಜಿಎಫ್ ಮುಂದೆ ಅದು ಏನೂ ಅಲ್ಲ ಬಿಡು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಜಾಸ್ತಿ ಇಳಿದಿತ್ತು, 2001ರಲ್ಲಿ ಮುಚ್ಚಿದರು. ಆದರೆ ಅದು ಶಾಫ್ಟು. ಜನ ಬೆವರು ಸುರಿಸಿ ತೋಡಿದ್ದು.

ಸಿಂಕ್‌ಹೋಲ್ ಅಂದರೆ ಕೆಳಗೆ ಮೊದಲೇ ಟೊಳ್ಳಾಗಿ, ಮೇಲಿನ ನೆಲ ಕುಸಿಯುವುದು. ನಗರಗಳಲ್ಲಿ ಒಳಚರಂಡಿ ಪೈಪು ಒಡೆದು ರಸ್ತೆ ಕುಸಿದಾಗಲೂ ಟೀವಿಯವರು ಅದನ್ನೇ ಅನ್ನುತ್ತಾರೆ. ಇರಲಿ.

ಇನ್ನು ನನ್ನ ಕಸುಬಿನ ಪಾಟ್‌ಹೋಲ್. ಡಾಂಬರು ಮೊದಲು ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ನೀರು ಇಳಿದು ಅಡಿಯ ಜಲ್ಲಿ, ಮಣ್ಣು ಮೆತ್ತಗಾಗುತ್ತವೆ. ಮಂಡಿಗೆ ಹೋಗುವ ಟೊಮ್ಯಾಟೊ ಲಾರಿ ಮೇಲೆ ಹಾದಾಗ ಕೆಸರುನೀರು ಬಿರುಕಿನಿಂದ ಪಿಚಕ್ಕನೆ ಚಿಮ್ಮುತ್ತದೆ. ಹೀಗೆ ಲಾರಿ ಹೋದಾಗೆಲ್ಲ ಅಡಿಯ ನುಣ್ಣನೆ ಮಣ್ಣು ಚೂರು ಚೂರೇ ಹೊರಗೆ ಬರುತ್ತದೆ. ಮಳೆ ನಿಂತ ಮಾರನೇ ದಿನ ಬಿರುಕಿನ ಅಂಚಿಗೆ ಬೂದು ಕೆಸರು ಒಣಗಿದ ಕಲೆ ಕಂಡರೆ ತಿಳಿದುಕೋ, ಅಲ್ಲಿ ಗುಂಡಿ ಬೀಳುವುದು ಗ್ಯಾರಂಟಿ. ಆಮೇಲೆ ಡಾಂಬರು ಚಕ್ಕೆ ಚಕ್ಕೆಯಾಗಿ ಏಳುತ್ತದೆ. ನಿಮ್ಮ ಚಳಿಯಲ್ಲಿ ಬಿರುಕಿನ ನೀರು ಹೆಪ್ಪುಗಟ್ಟಿ ಉಬ್ಬುವುದರಿಂದ ಇದೇ ಕೆಲಸ ಇನ್ನೂ ಬೇಗ ಆಗುತ್ತದೆ.

ಅಂದರೆ ಪಾಟ್‌ಹೋಲ್ ಯಾರೂ ಗುದ್ದಲಿ ಹಾಕದೆ ಆಗುವಂಥದ್ದು. ಗುದ್ದಲಿ ಹಾಕಿ ಉದ್ದಕ್ಕೆ ತೋಡಿದರೆ ಅದು ಟ್ರೆಂಚ್. ಹೋದ ವರ್ಷ ನಮ್ಮ ಬೀದಿಯಲ್ಲಿ ನಡೆದದ್ದು ಕೇಳು. ನೀರಿನ ಪೈಪಿಗೆ ಅಂತ ಉದ್ದಕ್ಕೆ ಅಗೆದರು. ಸುಮ್ನೆ ಮಣ್ಣು ಎಳೆದು ಮುಚ್ಚಿ ಹೋದರು, ಕುಟ್ಟಲೇ ಇಲ್ಲ. ಮೊದಲ ಮಳೆಗೇ ಇಳಿಯಿತು. ಪಕ್ಕದ ಮನೆಯವರು ಇಂಗ್ಲಿಷಿನಲ್ಲಿ ಚೆಂದವಾಗಿ ಅರ್ಜಿ ಬರೆದರು, 'ಪಾಟ್‌ಹೋಲ್' ಅಂತ. ಅರ್ಜಿ ನೇರ ರಸ್ತೆಯವರ ಮೇಜಿಗೆ ಹೋಯಿತು. ಅವರು ಬಂದು ಮೇಲೆ ಎರಡು ಬಾಂಡ್ಲಿ ಜಲ್ಲಿ ಡಾಂಬರು ಸುರಿದರು. ಅಡಿಯ ಮಣ್ಣೇ ಸಡಿಲ ಇದ್ದ ಮೇಲೆ ನಿಲ್ಲುತ್ತದೆಯೇ? ಮತ್ತೆ ಇಳಿಯಿತು. ಅಗೆದ ಕಂಟ್ರಾಕ್ಟರ್ ಮಾತ್ರ ಆರಾಮಾಗಿದ್ದ. ಅವನ ಹೆಸರು ಯಾವ ಕಾಗದದಲ್ಲೂ ಬರಲಿಲ್ಲ.

ನಾನು ಕೂತು ಬೇರೆ ಅರ್ಜಿ ಬರೆದೆ. 'ಪೈಪಿಗೆ ಅಗೆದ ಟ್ರೆಂಚ್, ಕುಟ್ಟದೆ ಮುಚ್ಚಿದ್ದಾರೆ, ಕುಸಿದಿದೆ' ಅಂತ. ಫೋಟೋಗೆ ಮುಂಚೆ ಅಕ್ಕಪಕ್ಕ ಟೇಪು ಹಿಡಿಸಿದೆ, ಎರಡೂ ಅಂಚು ನೇರ ಇರುವುದು ಕಾಣಲಿ ಅಂತ. ನೀರು, ಚಕ್ರ ಯಾವತ್ತೂ ಗೆರೆ ಎಳೆದ ಹಾಗೆ ಕೊರೆಯುವುದಿಲ್ಲ ಅಲ್ವಾ? ಈ ಸಲ ಅರ್ಜಿ ಪೈಪಿನವರ ಮೇಜಿಗೆ ಹೋಯಿತು. ತಿಂಗಳು ಹಿಡಿಯಿತು, ಆದರೆ ಬಂದು ಪೂರ್ತಿ ಬಗೆದು, ಪದರ ಪದರವಾಗಿ ಕುಟ್ಟಿ ಮುಚ್ಚಿದರು.

ನಿನ್ನ ವಿಷಯಕ್ಕೆ ಬರುತ್ತೇನೆ. ಧಾರಾಳವಾಗಿ ಹೋಗು. ಆದರೆ ಹಗ್ಗ ಕಟ್ಟಿಕೊಂಡು ಇಳಿಯುವ ಸಾಹಸ ಮೊದಲ ಸಲಕ್ಕೇ ಬೇಡ. ಮೇ ಕೊನೆಯಲ್ಲೂ ಆಗಸ್ಟಿನಲ್ಲೂ ಆ ಎರಡು ಕ್ಲಬ್ಬಿನವರು ಗೇಪಿಂಗ್ ಗಿಲ್ ಬಾಯಿಗೆ ವಿಂಚ್ ಅನ್ನುವ ಹಗ್ಗ ಸುತ್ತುವ ಯಂತ್ರ ಕಟ್ಟಿ, ಬಂದವರನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸುತ್ತಾರೆ. ಆ ದಿನ ನೋಡಿಕೊಂಡು ಹೋಗು. ಮಳೆ ಜೋರಾಗಿದ್ದರೆ ಹತ್ತಿರವೂ ಸುಳಿಯಬೇಡ. ಅಮ್ಮನಿಗೆ 'ಗುಹೆ ನೋಡಲು ಹೋಗುತ್ತಾಳಂತೆ' ಅಂತಷ್ಟೇ ಹೇಳಿದ್ದೇನೆ. ಆಳ ಎಷ್ಟು ಅಂತ ಕೇಳಿದರೆ ನೀನೇ ಹೇಳಿಕೋ.

ಇಂತಿ,
ನಿನ್ನ ಅಪ್ಪ