ಫೋಟೋಗೊಂದು ಜೊತೆ

ರಜೆ ಮುಗಿಸಿ ಊರಿಂದ ಬಂದವರು ಫೋಟೋ ಕಳಿಸುತ್ತಿದ್ದಾರೆ. ಈ ಸಲ ಕಲಬುರಗಿ, ಬೀದರ್, ಯಾದಗಿರಿ ಕಡೆಯವು ಜಾಸ್ತಿ. ಖುಷಿಯ ವಿಷಯವೇ. ನಮ್ಮ ಪುಟಗಳು ಮೈಸೂರು, ಹಂಪಿ ದಾಟಿ ಆ ಕಡೆ ಹೋಗುವುದು ಕಮ್ಮಿ. ಆದರೆ ಬೀದರಿನ ಮಹಮೂದ್ ಗವಾನ್ ಮದರಸಾದ ಫೋಟೋಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇವೆ. ಒಂದು ಮಿನಾರು, ನೀಲಿ ಆಕಾಶ, ಮುಂದೆ ಮನೆಮಂದಿ. ಕಟ್ಟಡ ಚೆಂದ ಕಾಣುತ್ತದೆ, ಅಷ್ಟೇ. ಅದರ ಕತೆ ಎಲ್ಲಿ? ಅದಕ್ಕೇ ಮುಂದಿನ ಸಂಚಿಕೆಗೆ ಫೋಟೋ ಜೊತೆ ಗೆರೆ, ಮಾತು, ಹಾಡು ಹೀಗೆ ಇನ್ನೊಂದನ್ನೂ ಸೇರಿಸಿ ಕಳಿಸಿ ಅಂತ ಕೇಳುತ್ತಿದ್ದೇನೆ.

ಬಹಮನಿ ಮಂತ್ರಿ ಗವಾನ್ 1472ರಲ್ಲಿ ಕಟ್ಟಿಸಿದ ಈ ವಿದ್ಯಾಲಯದ ಮುಂಭಾಗಕ್ಕೆ ಎರಡು ಮಿನಾರುಗಳಿದ್ದವು. 17ನೇ ಶತಮಾನದ ಕೊನೆಯ ಹೊತ್ತಿಗೆ ಆದ ಸ್ಫೋಟದಲ್ಲಿ ಒಂದು ಮಿನಾರು ಬಿತ್ತು, ಅದರ ಜೊತೆ ಮುಂಭಾಗದ ದೊಡ್ಡ ಪಾಲೂ ಹೋಯಿತು. ಕ್ಯಾಮೆರಾಕ್ಕೆ ಕಾಣುವುದು ಈಗ ಇರುವುದು ಮಾತ್ರ. ಇಲ್ಲದ ಮಿನಾರು ಪೆನ್ಸಿಲ್ಲಿಗೆ ಸೇರಿದ್ದು. ಫೋಟೋದ ಮೇಲೆ ತೆಳು ಕಾಗದ ಇಡಿ. ನಿಂತಿರುವ ಮಿನಾರಿನ ಎತ್ತರ, ದಪ್ಪ ನೋಡಿಕೊಂಡು ಬಿದ್ದದ್ದನ್ನು ಗೆರೆಯಲ್ಲಿ ಬರೆಯಿರಿ. ಗೆರೆ ಗೆರೆಯಾಗಿಯೇ ಕಾಣಲಿ. ಇವತ್ತು ಎಐಗೆ ಹೇಳಿದರೆ ನಿಮಿಷದಲ್ಲಿ ಎರಡನೇ ಮಿನಾರನ್ನು ನಿಜದ ಹಾಗೇ ನಿಲ್ಲಿಸಿಬಿಡುತ್ತದೆ. ನನಗೆ ಅದು ಬೇಡ. ಯಾವುದು ಉಳಿದಿದೆ, ಯಾವುದು ಬಿದ್ದಿದೆ ಅಂತ ನೋಡುವವರಿಗೆ ಗೊತ್ತಾಗದಿದ್ದರೆ ಆ ಚಿತ್ರ ಸುಳ್ಳು ಹೇಳಿದ ಹಾಗೆ.

ಫೋಟೋ ಜೊತೆ ಇನ್ನೊಂದು ಕಲೆ ಸೇರಿಸುವುದು ಹೊಸ ಫ್ಯಾಷನ್ ಅಂದುಕೊಂಡವರಿಗೆ ಒಂದು ಹಳೇ ಉದಾಹರಣೆ. 1840ರ ದಶಕದಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಅಲ್ಲಿನವರಿಗೆ ಇವತ್ತಿಗೂ ಗೊತ್ತಿರುವ ಹೆಸರು. ವಿಜಯಪುರದ ಕಟ್ಟಡಗಳ ಬಗ್ಗೆ 1866ರಲ್ಲಿ ಲಂಡನ್ನಿನಲ್ಲಿ ಒಂದು ದೊಡ್ಡ ಪುಸ್ತಕ ಬಂತು. ಅದರ ಚರಿತ್ರೆಯ ಭಾಗ ಬರೆದವನು ಈತ. ಅದರಲ್ಲಿ ಸ್ಥಳದಲ್ಲೇ ತೆಗೆದ ಫೋಟೋಗಳಿವೆ. ನಕ್ಷೆಗಾರರು ಬರೆದ ಚಿತ್ರಗಳನ್ನು ಕ್ಯಾಮೆರಾದಲ್ಲಿ ಹಿಡಿದವೂ ಇವೆ. ಆ ನಕ್ಷೆಗಾರರಲ್ಲಿ ನಮ್ಮವರೂ ಇದ್ದರು. ಪುಸ್ತಕದ ಮೊದಲ ಪುಟ ಅವರನ್ನು ‘ಸ್ಥಳೀಯರು’ ಅಂತ ಒಟ್ಟಿಗೆ ಕರೆದು ಮುಂದೆ ಹೋಗುತ್ತದೆ, ಹೆಸರಿಲ್ಲ. ಸಾಹೇಬರ ಹೆಸರುಗಳೆಲ್ಲ ಇವೆ, ಅಲ್ವಾ!

ಇನ್ನೂ ಹಿಂದಕ್ಕೆ ಹೋಗಬೇಕಾದರೆ ಕಲಬುರಗಿ ಜಿಲ್ಲೆಯ ಸನ್ನತಿ ಪಕ್ಕದ ಕನಗನಹಳ್ಳಿಗೆ ಹೋಗಿ. ಭೀಮಾ ದಂಡೆಯ ಆ ಬೌದ್ಧ ಸ್ತೂಪದ ಕಲ್ಲುಗಳಲ್ಲಿ ಅಶೋಕ ರಾಣಿಯೊಂದಿಗೆ ನಿಂತಿದ್ದಾನೆ. ಅದು ಅಶೋಕನೇ ಅಂತ ಗೊತ್ತಾಗುವುದು ಅಲ್ಲೇ ಬ್ರಾಹ್ಮಿ ಲಿಪಿಯಲ್ಲಿ ಕೆತ್ತಿದ ಹೆಸರಿನಿಂದ. ಚಿತ್ರ ಒಂದೇ ಸಾಲದು ಅಂತ ಆ ಶಿಲ್ಪಿಗೆ ಅನ್ನಿಸಿತ್ತು. ನಾವು ಫೋಟೋ ತೆಗೆಯುವಾಗ ಮಾಡುವುದೇನು? ಮುಖ ದೊಡ್ಡದಾಗಿ ಬರಲಿ ಅಂತ ಅಕ್ಷರಗಳನ್ನೇ ಕತ್ತರಿಸುತ್ತೇವೆ.

ಈಗ ಬಿದ್ರಿಗೆ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬೀದರಿನ ಕಲೆಗೆ ಬರೋಣ. ನಮ್ಮ ಎಷ್ಟೋ ಮನೆಗಳ ಶೋಕೇಸಿನಲ್ಲಿ ಒಂದು ಹೂದಾನಿ ಇದ್ದೇ ಇರುತ್ತದೆ. ಅದರ ಫೋಟೋ ಬೇಡ, ದಯವಿಟ್ಟು. ಕರಿ ಮೈ, ಮೇಲೊಂದು ಫ್ಲ್ಯಾಶ್ ಬೆಳಕಿನ ಚುಕ್ಕೆ, ಬೇರೇನೂ ಬರುವುದಿಲ್ಲ. ಕತೆ ಇರುವುದು ಮಾಡುವ ಜಾಗದಲ್ಲಿ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಮೈ ನಯಮಾಡಿ ಮೈಲುತುತ್ತದ ನೀರು ಹಚ್ಚಿ ಕಪ್ಪು ಮಾಡಿಕೊಳ್ಳುತ್ತಾರೆ. ಈ ಕಪ್ಪು ಗೆರೆ ಕಾಣಲಿಕ್ಕೆ ಮಾತ್ರ, ಆಮೇಲೆ ಹೋಗುತ್ತದೆ. ಅದರ ಮೇಲೆ ಮೊನೆಯಿಂದ ಬಳ್ಳಿ, ಹೂವು ಬರೆಯುತ್ತಾರೆ, ಅಚ್ಚಿಲ್ಲದೆ, ಬರಿಗೈಯಲ್ಲಿ. ಆಮೇಲೆ ಉಳಿಯಿಂದ ಕೊರೆದು ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಮೊದಲು ಬರೆದ ಆ ಗೆರೆ ಮತ್ತೆ ಯಾರಿಗೂ ಸಿಗುವುದಿಲ್ಲ. ಕ್ಯಾಮೆರಾ ಹಿಡಿದು ಕೂರಬೇಕಾದದ್ದು ಆ ಹೊತ್ತಿಗೆ.

ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರು. ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಹಳೇ ಕಪ್ಪುಬಿಳುಪು ಫಿಲ್ಮಿನದೂ ಬೆಳ್ಳಿಯ ಕೆಲಸವೇ, ಆದರೆ ಉಲ್ಟಾ: ಬೆಳಕು ಬಿದ್ದ ಕಡೆ ತೊಳೆದಾಗ ಬೆಳ್ಳಿಯೇ ಕಪ್ಪಾಗಿ ಚಿತ್ರ ಮೂಡುತ್ತದೆ. ಡಾರ್ಕ್‌ರೂಮ್ ಹುಚ್ಚಿರುವ ನಮ್ಮ ಕೆಲವು ಸದಸ್ಯರಿಗೆ ಇದು ಒಳ್ಳೇ ವಸ್ತು. ಬಿದ್ರಿ ಕೆಲಸವನ್ನು ಫಿಲ್ಮಿನಲ್ಲೇ ತೆಗೆದು, ಪಕ್ಕದಲ್ಲಿ ಕಾರೀಗರ ಕಾಗದದ ಮೇಲೆ ಬರೆದುಕೊಟ್ಟ ಬಳ್ಳಿ ಇಟ್ಟು ನೋಡಿ. ಇನ್ನೊಂದು ವಿಷಯ. ಆ ಮಣ್ಣು ಸರಿಯಿದೆಯಾ ಅಂತ ಕಾರೀಗರರು ನಾಲಿಗೆ ಮೇಲಿಟ್ಟು ನೋಡುತ್ತಾರೆ. ಫೋಟೋದಲ್ಲಿ ನಾಲಿಗೆ ಕಾಣುತ್ತದೆ, ರುಚಿ ಹೇಗೆ ಕಾಣಬೇಕು? ಅಲ್ಲಿ ಅವರದೇ ಮಾತು ಬೇಕು, ಬೀದರ್ ಕನ್ನಡದಲ್ಲೋ ದಖನಿ ಉರ್ದುವಿನಲ್ಲೋ, ಅವರು ಹೇಳಿದ ಹಾಗೇ.

ಹಾಡಿನ ವಿಷಯಕ್ಕೆ ನನಗೆ ಸ್ವಲ್ಪ ತಕರಾರಿದೆ. ಸ್ಲೈಡ್‌ಶೋ ಹಿಂದೆ ಸುಮ್ನೆ ಕೊಳಲು ಹಾಕುವುದನ್ನು ನಿಲ್ಲಿಸೋಣ. ಆ ಸೀಮೆಯಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದಗಳಿವೆ, ಮೊಹರಂ ಪದಗಳಿವೆ. ಹಳ್ಳಿಗಳಲ್ಲಿ ಹಾಡುವವರು ಇನ್ನೂ ಇದ್ದಾರೆ. ಒಂದು ಪದ ಪೂರ್ತಿ ರೆಕಾರ್ಡ್ ಮಾಡಿ. ಅದು ಮುಗಿಯುವವರೆಗೆ ಒಂದೇ ಫೋಟೋ ನಿಲ್ಲಲಿ, ಬಹಳ ಆದರೆ ಎರಡು. ನೋಡುವವರಿಗೆ ಬೇಜಾರಾಗುತ್ತದೆ ಅನ್ನುವವರಿಗೆ ನನ್ನ ಉತ್ತರ: ಪದ ಕೇಳಿಸಿಕೊಳ್ಳುವವರಿಗೆ ಆಗುವುದಿಲ್ಲ. ನಾವು ಪುಟದಲ್ಲಿ ಕ್ಯೂಆರ್ ಕೋಡ್ ಹಾಕುತ್ತೇವೆ.

ಊರಿಗೆ ಹೋಗಲು ಆಗದವರು ಮನೆಯ ಆಲ್ಬಮ್ ತೆರೆಯಿರಿ. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ ಮುಂಬೈಯಲ್ಲಿ ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ದೇವರು ಬರೆದು ಹೆಸರಾದವರು. ಅಂಥ ಕ್ಯಾಲೆಂಡರ್ ದೇವರ ಪಕ್ಕದಲ್ಲೇ ಅಜ್ಜನ ಸ್ಟುಡಿಯೋ ಫೋಟೋ ತೂಗುಹಾಕಿದ ಗೋಡೆ ನಿಮ್ಮ ಆಲ್ಬಮ್ಮಿನಲ್ಲೂ ಇರಬಹುದು. ಅಜ್ಜನನ್ನು ಮಾತ್ರ ಕತ್ತರಿಸಿ ಕಳಿಸಬೇಡಿ. ಗೋಡೆ ಪೂರ್ತಿ ಬರಲಿ, ಯಾವುದರ ಪಕ್ಕ ಯಾವುದನ್ನು ಯಾರು ಹಾಕಿದರು ಅಂತ ನಾಲ್ಕು ಸಾಲು ಬರೆಯಿರಿ.

ಮುಂದಿನ ಸಂಚಿಕೆಯ ನಡುಪುಟಗಳು ಇದಕ್ಕೇ ಮೀಸಲು. ಆಕಾಶದ ಮೇಲೆ ಕವನದ ಸಾಲು ಅಂಟಿಸಿದ ಫೋಟೋಗಳನ್ನು ಮಾತ್ರ ತೆಗೆದುಕೊಳ್ಳುವುದಿಲ್ಲ, ಕವಿಗಳು ಕ್ಷಮಿಸಬೇಕು. ಹಾಡಿದವರ, ಬರೆದವರ, ಕೆತ್ತಿದವರ ಒಪ್ಪಿಗೆ ಕೇಳಿ, ಹೆಸರು ಬರೆದು ಕಳಿಸಿ. ಫೋಟೋದ ಮೂಲ ಫೈಲನ್ನೇ ಇಮೇಲ್ ಮಾಡಿ, ವಾಟ್ಸಾಪಿನಲ್ಲಿ ಬಂದದ್ದು ಪ್ರಿಂಟಿಗೆ ಸಾಲುವುದಿಲ್ಲ.

– ಸಂಪಾದಕ