ಮಾರುವುದಾದರೆ ಸ್ಟಾರ್‌ಲೈನರ್ ಸರಿಮಾಡಿ ಮಾರಲಿ

ಸಂಪಾದಕರೇ,

2024ರ ಅಕ್ಟೋಬರ್‌ನಲ್ಲಿ ಬೋಯಿಂಗ್ ಕಂಪನಿ ತನ್ನ ಬಾಹ್ಯಾಕಾಶ ವ್ಯವಹಾರವನ್ನು ಮಾರುವ ಯೋಚನೆಯಲ್ಲಿತ್ತು ಅನ್ನೋ ಸುದ್ದಿ ಓದಿ ಈ ಪತ್ರ ಬರೆಯುತ್ತಿದ್ದೇನೆ. ಮೂರೇ ತಿಂಗಳಲ್ಲಿ ಸುಮಾರು 600 ಕೋಟಿ ಡಾಲರ್ ನಷ್ಟ, 33 ಸಾವಿರ ಕಾರ್ಮಿಕರ ಮುಷ್ಕರ, ಹತ್ತರಲ್ಲಿ ಒಬ್ಬರನ್ನು ಮನೆಗೆ ಕಳಿಸುವ ತೀರ್ಮಾನ. ಇಷ್ಟೆಲ್ಲ ಒಟ್ಟಿಗೆ ಮೈಮೇಲೆ ಬಿದ್ದಾಗ ಏನನ್ನಾದರೂ ಮಾರಿ ಸುಧಾರಿಸಿಕೊಳ್ಳೋಣ ಅಂತ ಯಾರಿಗಾದರೂ ಅನ್ನಿಸುತ್ತದೆ. ಆ ವರ್ಷದ ಆಗಸ್ಟ್‌ನಲ್ಲಿ ಬಂದ ಮುಖ್ಯಸ್ಥ ಕೆಲ್ಲಿ ಆರ್ಟ್‌ಬರ್ಗ್ ಹೇಳಿದ್ದೂ ಅದನ್ನೇ, ಜಾಸ್ತಿ ಕೆಲಸ ಹಿಡಿದು ಕೆಡಿಸುವುದಕ್ಕಿಂತ ಕಡಿಮೆ ಹಿಡಿದು ಚೆನ್ನಾಗಿ ಮಾಡೋದು ಮೇಲು ಅಂತ. ಮಾತು ಸರಿ. ಆದರೆ ಈಗಾಗಲೇ ಕೆಟ್ಟಿರುವುದನ್ನು ಸರಿಮಾಡೋರು ಯಾರು?

ಮಾರಾಟಕ್ಕೆ ಬರಬಹುದು ಅಂತ ಕೇಳಿಬಂದದ್ದರಲ್ಲಿ ಮುಖ್ಯವಾದದ್ದು ಗಗನಯಾನಿಗಳನ್ನು ಬಾಹ್ಯಾಕಾಶ ನಿಲ್ದಾಣಕ್ಕೆ ಒಯ್ಯುವ ಸ್ಟಾರ್‌ಲೈನರ್ ನೌಕೆ. ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಅವರನ್ನು 2024ರ ಜೂನ್‌ನಲ್ಲಿ ಎಂಟು ದಿನದ ಲೆಕ್ಕದಲ್ಲಿ ಕರೆದುಕೊಂಡು ಹೋಗಿ, ಅಲ್ಲೇ ಬಿಟ್ಟು, ಸೆಪ್ಟೆಂಬರ್‌ನಲ್ಲಿ ಖಾಲಿ ವಾಪಸ್ ಬಂತಲ್ಲ, ಅದೇ. ಅವರಿಬ್ಬರೂ ತಿಂಗಳುಗಟ್ಟಲೆ ಮೇಲೆಯೇ ಉಳಿದರು. ಸ್ಪೇಸ್‌ಎಕ್ಸ್‌ನವರು ಎರಡು ಸೀಟು ಖಾಲಿ ಬಿಟ್ಟು ಕಳಿಸಿದ ಡ್ರ್ಯಾಗನ್ ನೌಕೆಯಲ್ಲಿ 2025ರ ಮಾರ್ಚ್‌ನಲ್ಲಿ ಇಳಿದರು.

ಈ ನೌಕೆಯ ಕಥೆ ನೋಡಿದರೆ ಬೇಜಾರಾಗುತ್ತದೆ. 2019ರಲ್ಲಿ ಜನರಿಲ್ಲದ ಮೊದಲ ಹಾರಾಟದಲ್ಲಿ ಅದರ ಗಡಿಯಾರವೇ 11 ಗಂಟೆ ತಪ್ಪಿತ್ತು. ಇಂಧನ ಸುಮ್ನೆ ಉರಿದುಹೋಗಿ ನಿಲ್ದಾಣ ತಲುಪಲಾಗಲಿಲ್ಲ. 2021ರಲ್ಲಿ ಉಡಾವಣೆಗೆ ನಿಲ್ಲಿಸಿದ್ದಾಗ 13 ವಾಲ್ವ್‌ಗಳು ತೇವದಿಂದ ತುಕ್ಕು ಹಿಡಿದು ಅಂಟಿಕೊಂಡವು. ಮುಂದಿನ ವರ್ಷದ ಹಾರಾಟವೇನೋ ಗುರಿ ಮುಟ್ಟಿತು. 2024ರಲ್ಲಿ ಇಂಧನವನ್ನು ದೂಡುವ ಹೀಲಿಯಂ ಅನಿಲ ಸೋರಿತು, ನಿಲ್ದಾಣದ ಹತ್ತಿರ ಹೋಗುವಾಗ ನೌಕೆಯ ದಿಕ್ಕು ಸರಿಪಡಿಸುವ 28 ಸಣ್ಣ ಎಂಜಿನ್‌ಗಳಲ್ಲಿ (ಥ್ರಸ್ಟರ್‌ಗಳಲ್ಲಿ) ಐದು ನಿಂತವು, ನಾಲ್ಕು ಮತ್ತೆ ಕೆಲಸ ಮಾಡಿದವು. ನೆಲದ ಮೇಲೆ ಪರೀಕ್ಷೆ ಮಾಡಿ ನೋಡಿದಾಗ, ಒಳಗಿನ ಒಂದು ಪುಟ್ಟ ಟೆಫ್ಲಾನ್ ಸೀಲ್ ಬಿಸಿಗೆ ಉಬ್ಬಿ ದಾರಿ ಕಟ್ಟುತ್ತಿರುವುದು ಕಂಡಿತು. ನಿಜವಾದ ಥ್ರಸ್ಟರ್ ಬಿಚ್ಚಿ ನೋಡೋಣ ಅಂದರೆ ಅದೂ ಆಗಲ್ಲ, ಯಾಕೆಂದರೆ ಅವು ಇರುವ ನೌಕೆಯ ಹಿಂಭಾಗ (ಸರ್ವಿಸ್ ಮಾಡ್ಯೂಲ್) ಇಳಿಯುವ ಮೊದಲೇ ಕಳಚಿಕೊಂಡು ವಾತಾವರಣದಲ್ಲಿ ಸುಟ್ಟು ಹೋಗುತ್ತದೆ. ನ್ಯೂ ಮೆಕ್ಸಿಕೊದ ಮರಳಿನಲ್ಲಿ ಇಳಿದದ್ದು ಕ್ಯಾಪ್ಸೂಲ್ ಮಾತ್ರ.

ದುಡ್ಡು ಸಾಲಲಿಲ್ಲ ಅಂತ ಹೇಳುವ ಹಾಗೂ ಇಲ್ಲ. 2014ರಲ್ಲಿ ನಾಸಾ ಬೋಯಿಂಗ್‌ಗೆ ಕೊಟ್ಟ ಗುತ್ತಿಗೆ 420 ಕೋಟಿ ಡಾಲರ್‌ನದು, ಸ್ಪೇಸ್‌ಎಕ್ಸ್‌ಗೆ 260 ಕೋಟಿ. ಕಡಿಮೆ ತೆಗೆದುಕೊಂಡವರು 2020ರ ಮೇ ತಿಂಗಳಲ್ಲೇ ಜನರನ್ನು ಹಾರಿಸಿದರು. ಬೆಲೆ ಮೊದಲೇ ಗೊತ್ತು ಮಾಡಿದ ಗುತ್ತಿಗೆಯಾದ್ದರಿಂದ ಮೇಲಿನ ಖರ್ಚು ಬೋಯಿಂಗ್‌ನ ಜೇಬಿನಿಂದಲೇ ಹೋಗಬೇಕು, 2024ರ ಅಕ್ಟೋಬರ್ ಹೊತ್ತಿಗೆ 180 ಕೋಟಿ ಡಾಲರ್ ಹತ್ತಿರ ಹೋಗಿತ್ತು. ಮಾರಾಟದ ಆತುರಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ. (ಚಂದ್ರನಿಗೆ ಹೋಗುವ ಎಸ್‌ಎಲ್‌ಎಸ್ ರಾಕೆಟ್ ಕೆಲಸವನ್ನು ಮಾತ್ರ ಇಟ್ಟುಕೊಳ್ಳಬಹುದಂತೆ. ಅದರಲ್ಲಿ ಖರ್ಚು ಹೆಚ್ಚಾದರೆ ಸರ್ಕಾರ ಕೊಡುತ್ತದೆ, ಅಲ್ವಾ!)

ಹೋಗಲಿ, ಒಂದು ಕಂಪನಿ ಹೋದರೆ ಇನ್ನೊಂದು ಬರುತ್ತದೆ ಅನ್ನೋರೂ ಇದ್ದಾರೆ. ಅವರು 2011ರ ನಂತರದ ವರ್ಷಗಳನ್ನು ನೆನಪಿಸಿಕೊಳ್ಳಲಿ. ನಾಸಾದ ಸ್ಪೇಸ್ ಷಟಲ್ ನೌಕೆಗಳು ನಿಂತ ಮೇಲೆ ಅಮೆರಿಕದ ಗಗನಯಾನಿಗಳು ರಷ್ಯಾದ ಸೊಯುಜ್ ನೌಕೆಯಲ್ಲಿ ಸೀಟು ಕೊಂಡು ಹೋಗಬೇಕಾಯಿತು. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತಲೇ ನಾಸಾ ಎರಡು ಕಂಪನಿಗಳಿಗೆ ಕೆಲಸ ಹಂಚಿತ್ತು. ಈಗ ಉಳಿದಿರುವುದು ಡ್ರ್ಯಾಗನ್ ಒಂದೇ. ಅದನ್ನು ಹೊತ್ತೊಯ್ಯುವ ಫಾಲ್ಕನ್ 9 ಒಳ್ಳೆಯ ರಾಕೆಟ್ಟೇ, ಆದರೂ 2024ರ ಜುಲೈನಿಂದ ಸೆಪ್ಟೆಂಬರ್‌ವರೆಗೆ ಅದರ ಹಾರಾಟವನ್ನು ಮೂರು ಸಲ ನಿಲ್ಲಿಸಬೇಕಾಯಿತು. ದಿನಗಳ ಮಟ್ಟಿಗೆ ಇರಬಹುದು, ದೊಡ್ಡದಾಗಿ ಏನಾದರೂ ಕೆಟ್ಟರೆ?

ಇನ್ನೊಂದು ವಿಷಯ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಮುಖ್ಯ ಗುತ್ತಿಗೆದಾರ ಬೋಯಿಂಗ್, ಅದೂ 1993ರಿಂದ. ನಿಲ್ದಾಣದ ಯಾವ ಪೈಪು ಎಲ್ಲಿ ಹೋಗುತ್ತದೆ, ಯಾವ ಬ್ಯಾಟರಿ ಯಾವಾಗ ಬದಲಾಯಿಸಿದ್ದು ಅಂತ ತಿಳಿದಿರುವ ಇಂಜಿನಿಯರುಗಳು ಅಲ್ಲಿದ್ದಾರೆ. ಮಾರಾಟದ ಮಾತು ವರ್ಷಗಟ್ಟಲೆ ಎಳೆದರೆ ಅವರು ಕಾಯುತ್ತಾ ಕೂರುವುದಿಲ್ಲ. ಒಳ್ಳೆಯವರು ಮೊದಲು ಹೋಗುತ್ತಾರೆ. ಕೊಂಡವನ ಕೈಗೆ ಬರುವುದು ಕಟ್ಟಡ, ಕಾಗದ, ಸರಿಯಾಗದ ಥ್ರಸ್ಟರ್.

ಮಾರಬೇಡಿ ಅಂತ ನಾನು ಹೇಳುತ್ತಿಲ್ಲ. ಸರ್ಕಾರಿ ಗುತ್ತಿಗೆ ಬೇರೆ ಕಂಪನಿಯ ಹೆಸರಿಗೆ ಹೋಗಬೇಕಾದರೆ ಸರ್ಕಾರದ ಒಪ್ಪಿಗೆ ಬೇಕು, ಆ ಹಿಡಿತ ನಾಸಾ ಕೈಯಲ್ಲೇ ಇದೆ. ಥ್ರಸ್ಟರ್, ಹೀಲಿಯಂ ಸೋರಿಕೆ ಎರಡನ್ನೂ ಸರಿಮಾಡಿ, ಜನರಿಲ್ಲದೆ ಇನ್ನೊಂದು ಸಲ ಹಾರಿಸಿ ತೋರಿಸಿ, ಅದೂ ನಿಮ್ಮ ಖರ್ಚಿನಲ್ಲಿ, ಆಮೇಲೆ ಯಾರಿಗೆ ಬೇಕಾದರೂ ಕೊಡಿ ಅಂತ ನಾಸಾ ಪಟ್ಟು ಹಿಡಿಯಬೇಕು. ಹಾಗೆ ಮಾಡಿದರೆ ಬೋಯಿಂಗ್‌ಗೂ ಸ್ವಲ್ಪ ಒಳ್ಳೆಯ ಬೆಲೆ ಸಿಕ್ಕೀತು, ಈಗಿನ ಸ್ಥಿತಿಯಲ್ಲಿ ಅದಕ್ಕೆ ಏನು ಸಿಗುತ್ತದೋ ನನಗಂತೂ ಅನುಮಾನ.

ಇಂತಿ,
ನಿಮ್ಮ ಓದುಗ